ಕಾರಿನ ಗಾಲಿಯ ಕಪ್ಪು ದೂಳಿಗೆ ಆಸಿಡ್ ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಪಟ್ಟಣಗಳ ಹಲವು ವಾಟರ್ ಸರ್ವೀಸ್ ಕೇಂದ್ರಗಳಲ್ಲಿ, ಕಾರಿನ ಅಲಾಯ್ ಗಾಲಿಗಳ ಮೇಲೆ ಕಟ್ಟಿಕೊಂಡ ಕಪ್ಪು ದೂಳನ್ನು ತೆಗೆಯಲು ಆಸಿಡ್ ಬಳಸುವುದು ಮಾಮೂಲಿಯಾಗಿಬಿಟ್ಟಿದೆ. ಹೆಸರಿಲ್ಲದ ಪ್ಲಾಸ್ಟಿಕ್ ಬಾಟಲಿಯಿಂದ ಗಾಲಿಗೆ ಚಿಮುಕಿಸಿ, ಹಳೆಯ ಬ್ರಷ್‌ನಿಂದ ನಾಲ್ಕು ಸಲ ಉಜ್ಜಿ, ಮೇಲೆ ಜೋರಾಗಿ ನೀರು ಬಿಟ್ಟರೆ ಗಾಲಿ ಥಳಥಳ ಹೊಳೆಯುತ್ತದೆ; ಮಾಲೀಕರೂ ಮೆಚ್ಚಿಕೊಂಡು ದುಡ್ಡು ಕೊಟ್ಟು ಹೋಗುತ್ತಾರೆ. ಕೆಲವು ತಿಂಗಳ ನಂತರ ಅದೇ ಗಾಲಿಯ ಮೇಲ್ಪದರ ಮಂಕಾಗಿ, ನಟ್ಟುಗಳ ಸುತ್ತ ಬಿಳಿಯ ಮಚ್ಚೆಗಳು ಎದ್ದಾಗ, ಅವರು ಗಾಲಿಯ ಗುಣಮಟ್ಟವನ್ನು ದೂರುತ್ತಾರೆಯೇ ಹೊರತು ತೊಳೆದ ರೀತಿಯನ್ನಲ್ಲ. ಪಾಲಿಟೆಕ್ನಿಕ್‌ನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಈ ಪತ್ರವನ್ನು ಬರೆಯುತ್ತಿರುವುದು ಇಷ್ಟನ್ನು ಹೇಳಲು: ಬ್ರೇಕ್ ದೂಳನ್ನು ಗಾಲಿಯಿಂದ ದೂರವಿಡಲು ಆಸಿಡ್‌ನ ಅಗತ್ಯವೇ ಇಲ್ಲ. ಅದು ಕಚ್ಚಿಕೊಳ್ಳುವ ಮೊದಲೇ ಸಾದಾ ಶಾಂಪೂ ನೀರಿನಲ್ಲಿ ತೊಳೆಯುವುದು, ಬ್ರೇಕನ್ನು ಹದವರಿತು ಬಳಸುವುದು ಮತ್ತು ತೊಳೆಯುವ ಮುನ್ನ ಆ ದೂಳನ್ನು ಒಮ್ಮೆ ಕಣ್ಣಿಟ್ಟು ನೋಡುವುದು, ಇವಿಷ್ಟೇ ಸಾಕು.

ಮೊದಲಿಗೆ ಈ ದೂಳು ಏನೆಂಬುದನ್ನು ತಿಳಿಯಬೇಕು, ಏಕೆಂದರೆ ಇದನ್ನು ರಸ್ತೆಯ ಮಣ್ಣೆಂದು ತಿಳಿದವರೇ ಹೆಚ್ಚು. ನಾವು ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎಂಬ ಇಕ್ಕಳದಂಥ ಭಾಗದೊಳಗಿನ ಎರಡು ಪ್ಯಾಡುಗಳು ಗಾಲಿಯೊಂದಿಗೆ ತಿರುಗುವ ಬೀಡುಕಬ್ಬಿಣದ ಡಿಸ್ಕನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುತ್ತವೆ. ಪ್ರತಿ ಸಲವೂ ಪ್ಯಾಡ್ ಸ್ವಲ್ಪ ಸವೆಯುತ್ತದೆ, ಡಿಸ್ಕ್ ಕೂಡ ಸ್ವಲ್ಪ ಸವೆಯುತ್ತದೆ. ಹೀಗೆ ಉದುರುವ ಪುಡಿಯಲ್ಲಿ ಕಬ್ಬಿಣದ ಕಣಗಳು, ಗ್ರಾಫೈಟ್, ಪ್ಯಾಡನ್ನು ಬಂಧಿಸಿಟ್ಟ ಫೀನಾಲಿಕ್ ರಾಳದ ಸುಟ್ಟ ಚೂರುಗಳು, ಕೆಲವು ಪ್ಯಾಡುಗಳಲ್ಲಾದರೆ ತಾಮ್ರ, ಎಲ್ಲವೂ ಬೆರೆತಿರುತ್ತವೆ. ಈ ಕಣಗಳು ಬಿಸಿಯಾಗಿಯೇ ಹಾರಿ ಬಂದು ಗಾಲಿಯ ಮೇಲೆ ಕೂರುತ್ತವೆ. ಮಳೆಯ ಅಥವಾ ಇಬ್ಬನಿಯ ತೇವ ತಾಕಿತೆಂದರೆ ಕಬ್ಬಿಣದ ಕಣಕ್ಕೆ ಅಲ್ಲಿಯೇ ತುಕ್ಕು ಹಿಡಿದು, ಅದು ಗಾಲಿಯ ಪಾರದರ್ಶಕ ಲ್ಯಾಕರ್ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಬಹಳ ದಿನ ತೊಳೆಯದೆ ಬಿಟ್ಟ ಗಾಲಿಯನ್ನು ಶಾಂಪೂ ಹಾಕಿ ತೊಳೆದ ಮೇಲೂ ಕೈಯಾಡಿಸಿದರೆ ಉಗುರಿಗೆ ತರಿತರಿಯಾಗಿ ಸಿಗುವ, ಕಣ್ಣಿಗೆ ಕಂದು ಚುಕ್ಕೆಗಳಾಗಿ ಕಾಣುವ ಭಾಗ ಇದೇ. ವಾರದೊಳಗೆ ತೊಳೆದಿದ್ದರೆ ಬರಿಯ ನೀರಿಗೇ ಬಹುಪಾಲು ಬಿಟ್ಟುಹೋಗುತ್ತಿದ್ದ ದೂಳು ಅದು.

ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕುಗಳದ್ದೇ. ಅದೂ ಅಲ್ಲದೆ ನಮ್ಮಲ್ಲಿನ ಬಹಳಷ್ಟು ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ಡ್ರಮ್ಮಿನ ಪುಡಿ ಹೆಚ್ಚಾಗಿ ಅದರೊಳಗೇ ಉಳಿದುಬಿಡುತ್ತದೆ. ಆದ್ದರಿಂದ ಮುಂದಿನ ಎರಡು ಗಾಲಿ ಕಪ್ಪಾಗಿ, ಹಿಂದಿನವು ಬೆಳ್ಳಗೆ ಇದ್ದರೆ ಗಾಬರಿಯಾಗಬೇಕಿಲ್ಲ. ಹೊಸ ಪ್ಯಾಡ್ ಹಾಕಿಸಿದ ಮೊದಲ ಕೆಲವು ನೂರು ಕಿಲೊಮೀಟರ್‌ಗಳಲ್ಲಿ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುವ ತನಕ ದೂಳು ಹೆಚ್ಚಾಗುವುದೂ ಸಹಜವೇ.

ಗಾಬರಿಯಾಗಬೇಕಾದದ್ದು ಬೇರೆ. ಮುಂದಿನ ಎರಡು ಗಾಲಿಗಳಲ್ಲಿ ಒಂದು ಮಾತ್ರ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಕಪ್ಪಾಗಿದ್ದರೆ, ಆ ಬದಿಯ ಕ್ಯಾಲಿಪರ್ ಹಿಡಿದುಕೊಂಡಿದೆ ಎಂದು ಶಂಕಿಸಬೇಕು. ಕ್ಯಾಲಿಪರ್ ಆಚೀಚೆ ಜಾರಲು ಇರುವ ಪಿನ್ನುಗಳ ರಬ್ಬರ್ ಹೊದಿಕೆ ಹರಿದು ನೀರು ಒಳಗಿಳಿದರೆ ಪಿನ್ ತುಕ್ಕು ಹಿಡಿಯುತ್ತದೆ. ಆಗ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಆ ಗಾಲಿಯ ಹತ್ತಿರ ಸುಟ್ಟ ವಾಸನೆ ಬರುತ್ತದೆ, ಕೈಯನ್ನು ತಾಗಿಸದೆ ಹತ್ತಿರ ಹಿಡಿದರೇ ಝಳ ಹೊಡೆಯುತ್ತದೆ, ಮೈಲೇಜ್ ಕೂಡ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ಒಂದು ಮುಂಗಾಲಿ ಮಾತ್ರ ಸದಾ ಸ್ವಚ್ಛವಾಗಿದ್ದರೆ ಅದು ಇನ್ನೂ ಅಪಾಯದ ಲಕ್ಷಣ. ಅಲ್ಲಿ ಬ್ರೇಕ್ ಕೆಲಸವನ್ನೇ ಮಾಡುತ್ತಿಲ್ಲವೆಂದು ಅದರರ್ಥವಾಗಿರಬಹುದು, ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ದೂಳು ಪುಡಿಯಾಗಿರದೆ ಬೆರಳಿಗೆ ಜಿಡ್ಡುಜಿಡ್ಡಾಗಿ ಅಂಟಿದರೆ ಬ್ರೇಕ್ ಆಯಿಲ್ ಜಿನುಗುತ್ತಿರಬಹುದು, ಇಲ್ಲವೇ ಆಕ್ಸಲ್ಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚುತ್ತಿರಬಹುದು. ಹೀಗೆ ದೂಳು ತಾನಾಗಿ ತಿಳಿಸುವ ಸಂಗತಿಯನ್ನು ಆಸಿಡ್ ಹಾಕಿ ಅಳಿಸಿಬಿಟ್ಟರೆ ಆ ದೋಷ ಗೊತ್ತಾಗುವುದೇ ಇಲ್ಲ. ತೊಳೆಯಲು ಕೊಡುವ ಮುಂಚೆ ನಾಲ್ಕೂ ಗಾಲಿಗಳನ್ನು ಒಂದು ಸುತ್ತು ಬಂದು ಹೋಲಿಸಿ ನೋಡಿ ಎಂದು ನಾನು ಪರಿಚಯದವರಿಗೆಲ್ಲ ಹೇಳುವುದು ಈ ಕಾರಣಕ್ಕಾಗಿಯೇ.

ಇಲ್ಲಿ ಗ್ಯಾರೇಜಿನವರ ಬಗ್ಗೆಯೂ ಒಂದು ಮಾತು. ಪ್ಯಾಡ್ ಬದಲಿಸುವಾಗ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಕಳುಹಿಸುವ ಆತುರ ಹೆಚ್ಚುತ್ತಿದೆ. ಜಾರುವ ಪಿನ್ನುಗಳನ್ನು ಹೊರಗೆಳೆದು, ಒರೆಸಿ, ಶಾಖ ತಡೆಯುವ ಬ್ರೇಕ್ ಗ್ರೀಸನ್ನೇ ಹಚ್ಚಿ ಮತ್ತೆ ಜೋಡಿಸಲು ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ. ಆ ಕೆಲಸವನ್ನು ಬಿಟ್ಟುಬಿಟ್ಟರೆ ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದರೂ ಓರೆಯಾಗಿ ಸವೆದು ಎಂದಿಗಿಂತ ಹೆಚ್ಚು ದೂಳು ಕಾರುತ್ತದೆ. ಗ್ರಾಹಕರು ನಿಂತು ಕೇಳಿ ಮಾಡಿಸಿಕೊಳ್ಳಬೇಕಾದ ಕೆಲಸವಿದು.

ಇನ್ನು ಆಸಿಡ್‌ನ ವಿಷಯ. ಅಲಾಯ್ ಗಾಲಿಯೆಂದರೆ ಸುಮಾರು ಶೇ 7ರಷ್ಟು ಸಿಲಿಕಾನ್ ಸೇರಿಸಿದ ಅಲ್ಯೂಮಿನಿಯಂ ಎರಕ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಲ್ಯಾಕರ್ ಇರುತ್ತದೆ. ಈಗ ಬಹಳ ಜನ ಇಷ್ಟಪಡುವ ಡೈಮಂಡ್ ಕಟ್ ಗಾಲಿಗಳಲ್ಲಂತೂ ಕಡೆದು ನುಣುಪಾಗಿಸಿದ ಬರಿಯ ಲೋಹದ ಮೇಲೆ ಲ್ಯಾಕರ್ ಒಂದೇ ರಕ್ಷಣೆ. ಅಲ್ಯೂಮಿನಿಯಂ ಆಸಿಡ್‌ಗೂ ಕರಗುತ್ತದೆ, ಕಾಸ್ಟಿಕ್ ಸೋಡಾದಂಥ ಕ್ಷಾರಕ್ಕೂ ಕರಗುತ್ತದೆ. ಕಲ್ಲು ಸಿಡಿದು ಲ್ಯಾಕರ್ ಚಕ್ಕೆಯೆದ್ದ ಒಂದು ಸಣ್ಣ ಜಾಗ ಸಿಕ್ಕರೂ ಸಾಕು, ದ್ರಾವಣ ಅಲ್ಲಿಂದ ಒಳಗಿಳಿದು, ಗೋಡೆಯ ಮೇಲೆ ಗೆದ್ದಲು ಹಾದಿ ಮಾಡಿಕೊಂಡು ಹೋಗುವ ಹಾಗೆ ಲ್ಯಾಕರಿನಡಿಯಲ್ಲಿ ಬಿಳಿಯ ಗೆರೆಗಳು ಹರಡುತ್ತಾ ಹೋಗುತ್ತವೆ. ಆಮೇಲೆ ಯಾವ ಪಾಲಿಶ್‌ನಿಂದಲೂ ಅದು ಹೋಗುವುದಿಲ್ಲ. ಲ್ಯಾಕರ್ ಪೂರ್ತಿ ತೆಗೆಸಿ ಮತ್ತೆ ಕಡೆಸಿ ಹೊಸ ಲ್ಯಾಕರ್ ಹೊಡೆಸಬೇಕು, ಅದೂ ಲೋಹ ತೆಳುವಾಗುವುದರಿಂದ ಪದೇಪದೇ ಮಾಡಿಸುವ ಕೆಲಸವಲ್ಲ. ಬಚ್ಚಲು ತೊಳೆಯುವ ಆಸಿಡ್‌ನ ಹಬೆ ಡಿಸ್ಕಿಗೂ, ಕ್ಯಾಲಿಪರ್‌ನ ಬೋಲ್ಟುಗಳಿಗೂ ತುಕ್ಕು ಹಿಡಿಸುತ್ತದೆ.

ಗಾಲಿಗಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಅದನ್ನು ಬಳಸುವ ಹುಡುಗರ ಬಗ್ಗೆ. ಗಾಲಿ ತೊಳೆಯಲೆಂದು ಮಾರುವ ಕೆಲವು ದ್ರಾವಣಗಳಲ್ಲಿ ಹೈಡ್ರೊಫ್ಲೋರಿಕ್ ಆಸಿಡ್ ಅಥವಾ ನೀರಿನಲ್ಲಿ ಅದನ್ನು ಹುಟ್ಟಿಸುವ ಫ್ಲೋರೈಡ್ ಲವಣ ಇರುತ್ತದೆ. ದುರ್ಬಲ ದ್ರಾವಣವಾದರೆ ಇದು ಚರ್ಮಕ್ಕೆ ಬಿದ್ದ ತಕ್ಷಣ ಉರಿಯದೇ ಇರಬಹುದು. ನೋವು ಶುರುವಾಗುವುದು ಗಂಟೆಗಳು ಕಳೆದ ಮೇಲೆ; ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಆಳವಾದ ಗಾಯ ಮಾಡಿರುತ್ತದೆ. ಬರಿಗೈಯಲ್ಲಿ, ಬರಿಗಾಲಲ್ಲಿ, ಚೀಟಿಯಿಲ್ಲದ ಬಾಟಲಿ ಹಿಡಿದು ದಿನವಿಡೀ ಕೆಲಸ ಮಾಡುವ ಆ ಹುಡುಗರಿಗೆ ಅದರಲ್ಲಿ ಏನಿದೆಯೆಂದು ಹೇಳಿದವರೇ ಇರುವುದಿಲ್ಲ. ಗಾಲಿ ಹೊಳೆಯಲಿ ಎಂಬ ನಮ್ಮ ಆಸೆಗೆ ಅವರು ಇಂಥ ಬೆಲೆ ತೆರುವುದು ಸರಿಯಲ್ಲ.

ಹಾಗಾದರೆ ತೊಳೆಯುವುದು ಹೇಗೆ? ನೆರಳಿನಲ್ಲಿ ನಿಲ್ಲಿಸಿ ಗಾಲಿ ಪೂರ್ತಿ ತಣ್ಣಗಾಗುವ ತನಕ ಕಾಯುವುದೇ ಮೊದಲ ಹೆಜ್ಜೆ. ದೂರದಿಂದ ಓಡಿಸಿಕೊಂಡು ಬಂದ ಕಾದ ಡಿಸ್ಕಿನ ಮೇಲೆ ತಣ್ಣೀರು ಸುರಿದರೆ ಅದು ಒಂದೇ ಸಮನಾಗಿ ಆರದೆ ಸೊಟ್ಟಗಾಗುವ ಸಂಭವವುಂಟು, ಬಿಸಿ ಗಾಲಿಯ ಮೇಲೆ ಶಾಂಪೂ ಒಣಗಿ ಕಲೆಯೂ ಉಳಿಯುತ್ತದೆ. ಆಮೇಲೆ ನೀರು ಹಾಕಿ ಸಡಿಲವಾದ ದೂಳನ್ನು ಇಳಿಸಬೇಕು; ಒಣ ಬಟ್ಟೆಯಿಂದ ಎಂದೂ ಒರೆಸಬಾರದು, ಏಕೆಂದರೆ ಅದರಲ್ಲಿರುವ ಕಬ್ಬಿಣದ ಕಣಗಳು ಲ್ಯಾಕರನ್ನು ಗೀರುತ್ತವೆ. ನಂತರ ಕಾರು ಶಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆಯ ಬ್ರಷ್ ಅದ್ದಿ, ಗಾಲಿಯ ಮುಖ, ಕಡ್ಡಿಗಳ ಹಿಂಬದಿ, ನಟ್ಟಿನ ಗುಳಿಗಳು ಎಲ್ಲವನ್ನೂ ತಿಕ್ಕಿ, ನೊರೆ ಒಣಗುವ ಮುನ್ನ ತೊಳೆದುಬಿಡಬೇಕು. ಒಂದು ಗಾಲಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಗಾಲಿಗೆ ಬಳಸಿದ ಬಕೆಟ್, ಬ್ರಷ್, ಬಟ್ಟೆ ಯಾವುದನ್ನೂ ಕಾರಿನ ಮೈಗೆ ತಾಗಿಸಬಾರದು. ಒಂದೇ ಬಟ್ಟೆಯಲ್ಲಿ ಗಾಲಿ ಒರೆಸಿ ಬಾನೆಟ್ ಒರೆಸುವುದರಿಂದಲೇ ಎಷ್ಟೋ ಕಾರುಗಳ ಬಣ್ಣದ ಮೇಲೆ ಬಿಸಿಲಿಗೆ ಕಾಣುವ ಸುತ್ತು ಗೀರುಗಳು ಬಿದ್ದಿರುತ್ತವೆ.

ಈ ಕೆಲಸಕ್ಕೆ ಪೈಪು ಹಿಡಿದು ನೀರು ಹರಿಸಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ಓದುಗರಿಗೆ ನೆನಪಿರಬಹುದು. ದೂಳು ಹೊಸದಾಗಿದ್ದರೆ ಒಂದು ಬಕೆಟ್ ಶಾಂಪೂ ನೀರು, ಒಂದು ಬಕೆಟ್ ತಿಳಿನೀರು ನಾಲ್ಕೂ ಗಾಲಿಗೆ ಸಾಕಾಗುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೋರ್‌ವೆಲ್ ನೀರನ್ನೇ ಬಳಸುವವರು ತೊಳೆದ ಕೂಡಲೇ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸುವುದನ್ನು ಮರೆಯಬಾರದು. ನಮ್ಮ ತುಮಕೂರು, ಕೋಲಾರದ ಕಡೆಯ ಗಡಸು ನೀರು ತಾನಾಗಿ ಆರಲು ಬಿಟ್ಟರೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ, ಆ ಕಲೆಯನ್ನು ತೆಗೆಸಲು ಹೋಗಿ ಮತ್ತೆ ಆಸಿಡ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಎಲ್ಲ ಮುಗಿದ ಮೇಲೆ ಕಾರನ್ನು ಸ್ವಲ್ಪ ದೂರ ನಿಧಾನವಾಗಿ ಓಡಿಸಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿದರೆ ಡಿಸ್ಕ್ ಒಣಗುತ್ತದೆ. ಒದ್ದೆ ಬ್ರೇಕಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಅದು ತುಕ್ಕಿನಿಂದ ಬಿಡದೆ ಹಿಡಿದುಕೊಳ್ಳುತ್ತದೆ.

ಹಳೆಯದಾಗಿ ಕಚ್ಚಿಕೊಂಡ ಕಂದು ಚುಕ್ಕೆಗಳಿಗೆ ಐರನ್ ರಿಮೂವರ್ ಎಂಬ ದ್ರಾವಣ ಸಿಗುತ್ತದೆ. ಇದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದೊಂದಿಗೆ ಸೇರಿ ನೀರಿನಲ್ಲಿ ಕರಗುವ ನೇರಳೆ ಬಣ್ಣದ ಸಂಯುಕ್ತವಾಗುತ್ತದೆ. ಬಿಳಿ ಗಾಲಿಯ ಮೇಲೆ ನೇರಳೆ ಹನಿಗಳು ಇಳಿಯುವಾಗ ಎಲ್ಲೆಲ್ಲಿ ಕಬ್ಬಿಣ ಕೂತಿತ್ತೆಂಬುದು ಕಣ್ಣಿಗೇ ಕಾಣುತ್ತದೆ. ಇದರ ಗಂಧಕದ ವಾಸನೆ ಸಹಿಸುವುದು ಕಷ್ಟ. ಆಸಿಡ್ ಗುಣವಿಲ್ಲದ, ಅಂದರೆ ಪಿಎಚ್ ಮಟ್ಟ 7ರ ಆಸುಪಾಸಿನಲ್ಲಿರುವುದನ್ನು ನೋಡಿ ಕೊಳ್ಳಬೇಕು, ಕೈಗವಸು ಹಾಕಿಕೊಂಡು ಗಾಳಿಯಾಡುವ ಕಡೆ ಬಳಸಬೇಕು ಮತ್ತು ಚೀಟಿಯಲ್ಲಿ ಹೇಳಿದ ನಿಮಿಷಗಳೊಳಗೆ ತೊಳೆಯಬೇಕು. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚಾಗಿ ಇದರ ಅಗತ್ಯ ಬೀಳದು.

ಗಾಲಿ ಶುಚಿಯಾದ ಮೇಲೆ ಅದರ ಮೇಲೊಂದು ರಕ್ಷಣೆಯ ಪದರ ಹಾಕುವುದು ದೂಳನ್ನು ದೂರವಿಡಲು ನನಗೆ ತಿಳಿದ ಅತ್ಯಂತ ಉಪಯುಕ್ತ ಉಪಾಯ. ಕಾರಿನ ಮೈಗೆ ಹಚ್ಚುವ ಕಾರ್ನೌಬಾ ಎಂಬ ಸಸ್ಯಮೇಣ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಗಾಲಿಯ ಮೇಲೆ ಬಹಳ ದಿನ ನಿಲ್ಲುವುದಿಲ್ಲ. ಗಾಲಿಗೆಂದೇ ಮಾಡಿದ ಸೀಲಂಟ್ ಅಥವಾ ಸಿರಾಮಿಕ್ ಕೋಟಿಂಗ್ ಬಿಸಿಯನ್ನು ತಡೆಯುತ್ತದೆ. ದೂಳು ಬರುವುದೇನೂ ನಿಲ್ಲುವುದಿಲ್ಲ, ಆದರೆ ಕಚ್ಚಿಕೊಳ್ಳಲು ಹಿಡಿತ ಸಿಗದೆ ಮುಂದಿನ ತೊಳೆತದಲ್ಲಿ ಬರಿಯ ನೀರಿಗೇ ಜಾರಿಹೋಗುತ್ತದೆ. ಟಯರ್ ರೊಟೇಶನ್‌ಗಾಗಿ, ಅಂದರೆ ಗಾಲಿಗಳ ಜಾಗ ಅದಲುಬದಲು ಮಾಡಲು, ಅವನ್ನು ಬಿಚ್ಚಿದ ದಿನವೇ ಒಳಮೈಯನ್ನೂ ತೊಳೆದು ಇದನ್ನು ಹಚ್ಚಿಸಿಕೊಂಡರೆ ಇನ್ನೂ ಅನುಕೂಲ.

ಕೆಲವರು ದೂಳು ತಡೆಯಲೆಂದು ಗಾಲಿ ಮತ್ತು ಡಿಸ್ಕಿನ ನಡುವೆ ತಗಡಿನ ತಟ್ಟೆ ಕೂರಿಸುವ ಯೋಚನೆ ಮಾಡುತ್ತಾರೆ. ಗಾಲಿಯ ಕಡ್ಡಿಗಳ ನಡುವಿನ ಸಂದುಗಳ ಮೂಲಕ ಆಡುವ ಗಾಳಿಯೂ ಬ್ರೇಕನ್ನು ತಂಪಾಗಿಡುತ್ತದೆ, ಅದನ್ನು ಮುಚ್ಚುವುದು ಖಂಡಿತ ಬೇಡ. ಸೀಮೆಎಣ್ಣೆ, ಡೀಸೆಲ್, ಟಯರ್ ಪಾಲಿಶ್ ಇವುಗಳನ್ನು ಹೊಳಪಿಗಾಗಿ ಗಾಲಿಯ ಒಳಕ್ಕೆ ಸಿಂಪಡಿಸುವುದು ಅದಕ್ಕಿಂತಲೂ ಕೆಟ್ಟದ್ದು. ಎಣ್ಣೆ ಕುಡಿದ ಪ್ಯಾಡ್ ಹಿಡಿಯುವುದಿಲ್ಲ, ಅದನ್ನು ಎಸೆಯಬೇಕಷ್ಟೆ.

ದೂಳು ಹುಟ್ಟುವುದನ್ನೇ ಕಡಿಮೆ ಮಾಡುವುದು ಚಾಲಕರ ಕಾಲಿನಲ್ಲಿದೆ. ಸಿಗ್ನಲ್ ಕೆಂಪಾಗಿರುವುದು ದೂರದಿಂದಲೇ ಕಂಡರೂ ಅಲ್ಲಿಯ ತನಕ ಆಕ್ಸಿಲರೇಟರ್ ಒತ್ತಿ ಕೊನೆಗೆ ಬ್ರೇಕ್ ತುಳಿಯುವವರ ಪ್ಯಾಡ್ ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಇಳಿಯುವಾಗ ಇದು ಬರಿಯ ದೂಳಿನ ಪ್ರಶ್ನೆಯಾಗಿ ಉಳಿಯದೆ ಪ್ರಾಣದ ಪ್ರಶ್ನೆಯಾಗುತ್ತದೆ. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಬಸ್ಸು, ಲಾರಿ ಚಾಲಕರು ಹೇಳುವುದು ನೂರಕ್ಕೆ ನೂರು ಸರಿ. ಆಟೊಮ್ಯಾಟಿಕ್ ಕಾರಿನವರು ಘಾಟಿಯಲ್ಲಿ ಮ್ಯಾನುಯಲ್ ಮೋಡ್ ಅಥವಾ ಕೆಳಗಿನ ಗೇರಿನ ಸ್ಥಾನವನ್ನು ಬಳಸಬೇಕು. ಹೀಗೆ ಎಂಜಿನ್ನೇ ವೇಗವನ್ನು ಹಿಡಿದಿಟ್ಟರೆ ಪೆಡಲನ್ನು ಆಗಾಗ ಒತ್ತಿ ಬಿಟ್ಟರೆ ಸಾಕು, ಉದ್ದಕ್ಕೂ ತುಳಿದುಕೊಂಡೇ ಇರಬೇಕಿಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟಾರೇ ಜನರೇಟರಿನ ಕೆಲಸ ಮಾಡಿ ವೇಗ ಇಳಿಸುವುದರಿಂದ ಗಾಲಿಗಳು ಬಹುಕಾಲ ಬೆಳ್ಳಗೆ ಉಳಿಯುತ್ತವೆ.

ಪ್ಯಾಡಿನ ಆಯ್ಕೆಯಲ್ಲಿಯೂ ವ್ಯತ್ಯಾಸವಿದೆ. ಸೆಮಿ-ಮೆಟಾಲಿಕ್ ಪ್ಯಾಡುಗಳಲ್ಲಿ ತೂಕದ ಮೂರನೇ ಒಂದು ಪಾಲಿನಿಂದ ಅರ್ಧಕ್ಕೂ ಮೀರಿ ಲೋಹ ಇರುವುದುಂಟು. ಅವು ಬಿಸಿಯನ್ನು ಚೆನ್ನಾಗಿ ತಡೆದರೂ ಕಪ್ಪು ದೂಳು ಹೆಚ್ಚು. ಸಿರಾಮಿಕ್ ಪ್ಯಾಡಿನ ದೂಳು ತಿಳಿಬಣ್ಣದ್ದು, ಅಂಟುವುದೂ ಕಡಿಮೆ, ಬೆಲೆ ಮಾತ್ರ ಹೆಚ್ಚು. ಹಲವು ಪ್ಯಾಡುಗಳ ಮೇಲೆ ಎಫ್‌ಎಫ್, ಜಿಜಿ ಎಂಬಂಥ ಎರಡು ಅಕ್ಷರಗಳು ಅಚ್ಚಾಗಿರುತ್ತವೆ. ಮೊದಲನೆಯದು ತಣ್ಣಗಿದ್ದಾಗಿನ, ಎರಡನೆಯದು ಕಾದಾಗಿನ ಹಿಡಿತದ ದರ್ಜೆ. ಬಿಡಿಭಾಗದ ಅಂಗಡಿಗಳಲ್ಲಿ ಇದನ್ನೇ ತೋರಿಸಿ ದೂಳು ಬಾರದ ಪ್ಯಾಡ್ ಎಂದು ಮಾರುವುದನ್ನು ಕೇಳಿದ್ದೇನೆ. ಆ ಅಕ್ಷರಗಳಿಗೂ ದೂಳಿಗೂ ಸಂಬಂಧವಿಲ್ಲ. ಕಾರು ತಯಾರಕರು ಒಪ್ಪಿದ ದರ್ಜೆಯೊಳಗೇ ಆರಿಸಿಕೊಳ್ಳಬೇಕು, ದೂಳು ಕಡಿಮೆಯೆಂಬ ಒಂದೇ ಕಾರಣಕ್ಕೆ ಹಿಡಿತ ಕಡಿಮೆಯಿರುವ ಅಗ್ಗದ ನಕಲಿ ಪ್ಯಾಡನ್ನು ಹಾಕಿಸಬಾರದು.

ಗಾಲಿಯ ಮೇಲೆ ಕೂತದ್ದು ಕಣ್ಣಿಗೆ ಕಾಣುತ್ತದೆ, ಗಾಳಿಗೆ ಸೇರಿದ್ದು ಕಾಣುವುದಿಲ್ಲ. ಯುರೋಪಿಯನ್ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಯೂರೊ 7 ಎಂಬ ವಾಹನ ಮಾಲಿನ್ಯ ನಿಯಮದಲ್ಲಿ ಮೊದಲ ಬಾರಿಗೆ ಬ್ರೇಕ್ ದೂಳಿಗೂ ಮಿತಿ ಹಾಕಲಾಗಿದೆ. 10 ಮೈಕ್ರಾನ್‌ವರೆಗಿನ (ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗಿನ) ಕಣಗಳು ಕಿಲೊಮೀಟರಿಗೆ ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಲ್ಲಿ 7 ಮಿಲಿಗ್ರಾಂ, ಬ್ಯಾಟರಿ ಕಾರುಗಳಲ್ಲಿ 3 ಮಿಲಿಗ್ರಾಂ ಮೀರಬಾರದು. ಹೊಸ ಮಾದರಿಯ ಕಾರುಗಳಿಗೆ ಇದು ಅನ್ವಯವಾಗುವುದು 2026ರ ನವೆಂಬರ್ 29ರಿಂದ. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು ಪ್ಯಾಡಿನ ತಾಮ್ರ ಮಳೆನೀರಿನೊಂದಿಗೆ ಹೊಳೆಗೆ ಸೇರಿ ಮೀನುಗಳಿಗೆ ಹಾನಿ ಮಾಡುತ್ತದೆಂದು 2010ರಲ್ಲೇ ಕಾಯ್ದೆ ಮಾಡಿ, ಅದರ ಪ್ರಮಾಣವನ್ನು 2021ಕ್ಕೆ ಶೇ 5ಕ್ಕೆ, 2025ಕ್ಕೆ ಶೇ 0.5ಕ್ಕೆ ಇಳಿಸಬೇಕೆಂದು ಗೊತ್ತುಮಾಡಿದವು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಜಾರಿಗೆ ಬಂದ ಬಿಎಸ್ 6 ಮಾಲಿನ್ಯ ನಿಯಮವು ಹೊಗೆಕೊಳವೆಯಿಂದ ಬರುವುದನ್ನು ಬಿಗಿಗೊಳಿಸಿತೇ ಹೊರತು ಬ್ರೇಕಿನಿಂದ ಬರುವುದಕ್ಕೆ ಮಿತಿ ಹಾಕಲಿಲ್ಲ. ನಮ್ಮ ವಾಟರ್ ಸರ್ವೀಸ್ ಕೇಂದ್ರಗಳಿಂದ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುವ ನೀರಿನಲ್ಲಿ ಇದೇ ಲೋಹದ ಪುಡಿ, ಈಗ ಆಸಿಡ್ ಸಮೇತ, ಇದೆ.

ಗ್ಯಾರೇಜುಗಳಲ್ಲಿ ಗಾಲಿ ಬಿಚ್ಚಿದ ಕೂಡಲೇ ಡ್ರಮ್ಮಿನೊಳಗಿನ ಪುಡಿಯನ್ನು ಏರ್ ಗನ್ ಹಿಡಿದು ಊದುವ ಅಭ್ಯಾಸವೂ ನಿಲ್ಲಬೇಕು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆಗಳು ಶ್ವಾಸಕೋಶಕ್ಕೆ ಮಾಡುವ ಹಾನಿ ಎಲ್ಲರಿಗೂ ತಿಳಿದದ್ದೇ. ಕಲ್ನಾರಿಲ್ಲದ ದೂಳೂ ಉಸಿರಾಡಲು ಯೋಗ್ಯವಾದದ್ದಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಥವಾ ಬ್ರೇಕ್ ಕ್ಲೀನರ್ ಹಾಕಿ ತಟ್ಟೆಯಲ್ಲಿ ಹಿಡಿದರೆ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಗರ ಸ್ಥಳೀಯ ಸಂಸ್ಥೆಗಳು ವಾಹನ ತೊಳೆಯುವ ಕೇಂದ್ರಗಳಿಗೆ ಅನುಮತಿ ಕೊಡುವಾಗ ಮತ್ತು ನವೀಕರಿಸುವಾಗ ಮೂರು ಸಂಗತಿಗಳನ್ನು ಕಡ್ಡಾಯ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಗಾಲಿಗೆ ಬಳಸುವ ಪ್ರತಿಯೊಂದು ದ್ರಾವಣದ ಬಾಟಲಿಯ ಮೇಲೆ ಅದರಲ್ಲಿರುವ ರಾಸಾಯನಿಕದ ಹೆಸರು ಕನ್ನಡದಲ್ಲಿ ಇರಬೇಕು, ಫ್ಲೋರೈಡ್ ಇರುವಂಥದ್ದನ್ನು ಪೂರ್ತಿ ನಿಲ್ಲಿಸಬೇಕು ಮತ್ತು ತೊಳೆದ ನೀರು ಚರಂಡಿ ಸೇರುವ ಮುನ್ನ ಕೆಸರು ತಂಗುವ ಗುಂಡಿಯನ್ನು ಹಾದುಹೋಗಬೇಕು. ಅಲ್ಲಿಯ ತನಕ ಕಾರಿನ ಮಾಲೀಕರು ಗಾಲಿಗೆ ಶಾಂಪೂ ಮಾತ್ರ ಸಾಕು, ಆಸಿಡ್ ಹಾಕಬೇಡಿ ಎಂದು ಕೀಲಿಕೈ ಕೊಡುವಾಗಲೇ ಬಾಯಿಬಿಟ್ಟು ಹೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ತುಮಕೂರು